ಡಚ್ಚರ ಇಂಗ್ಲಿಷ್: ಕಾಲ ತಪ್ಪುವುದೆಲ್ಲಿ, ‘ಮಸ್ಟ್’ ಎಡವುವುದೆಲ್ಲಿ

ಡಚ್ ಮಾತೃಭಾಷೆಯವರು ಇಂಗ್ಲಿಷ್ ಕಲಿಯುವಾಗ ಪದಗಳಿಗಾಗಿ ಹೆಚ್ಚು ಒದ್ದಾಡುವುದಿಲ್ಲ. ಎರಡೂ ಪಶ್ಚಿಮ ಜರ್ಮಾನಿಕ್ ಗುಂಪಿಗೆ ಸೇರಿದ ಅಕ್ಕಪಕ್ಕದ ಭಾಷೆಗಳು. ನೆದರ್‌ಲ್ಯಾಂಡ್ಸ್‌ನಲ್ಲೂ ಬೆಲ್ಜಿಯಂನ ಉತ್ತರಭಾಗವಾದ ಫ್ಲಾಂಡರ್ಸ್‌ನಲ್ಲೂ ಚಿಕ್ಕ ಮಕ್ಕಳ ಕಾರ್ಯಕ್ರಮ ಬಿಟ್ಟರೆ ಇಂಗ್ಲಿಷ್ ಧಾರಾವಾಹಿ, ಸಿನಿಮಾಗಳಿಗೆ ಸಾಮಾನ್ಯವಾಗಿ ಡಬ್ಬಿಂಗ್ ಮಾಡುವುದಿಲ್ಲ, ಅಡಿಬರಹ ಹಾಕುತ್ತಾರೆ. ಹಾಗಾಗಿ ಶಾಲೆಗೆ ಮೊದಲೇ ಕಿವಿ ಪಳಗಿರುತ್ತದೆ. ಇಷ್ಟಾದರೂ ವರ್ಷಗಟ್ಟಲೆ ಇಂಗ್ಲಿಷ್‌ನಲ್ಲೇ ಕೆಲಸ ಮಾಡಿದವರ ಮಾತಿನಲ್ಲಿ ಕೆಲವು ತಪ್ಪುಗಳು ಹಾಗೇ ಉಳಿದುಬಿಡುತ್ತವೆ. ಅವುಗಳಲ್ಲಿ ಹಲವು ಕ್ರಿಯಾಪದದ ಕಾಲಕ್ಕೆ, ಇಲ್ಲವೇ ‘ಮಾಡಲೇಬೇಕು’, ‘ಮಾಡಬೇಕಾಗಿಲ್ಲ’ ಎಂಬಂಥ ಕಡ್ಡಾಯದ ಮಾತಿಗೆ ಸಂಬಂಧಿಸಿದವು.

ಇದಕ್ಕೆ ಕಾರಣ ಭಾಷೆಗಳ ಹೋಲಿಕೆಯೇ. ‘ಐ ಹ್ಯಾವ್ ಸೀನ್’ ಎಂಬುದಕ್ಕೆ ಡಚ್‌ನಲ್ಲಿ ಅದೇ ಅಚ್ಚಿನ ‘ಇಕ್ ಹೆಬ್ ಖೆಜೀನ್’ ಇದೆ. ‘ಮಸ್ಟ್’ಗೆ ‘ಮೂಟೆನ್’, ‘ವಿಲ್’ಗೆ ‘ವಿಲೆನ್’, ‘ಶ್ಯಾಲ್’ಗೆ ‘ಜುಲೆನ್’ ಇವೆ. ರೂಪ ಒಂದೇ, ಒಪ್ಪಿಸಿದ ಕೆಲಸ ಬೇರೆ. ತೀರಾ ದೂರದ ಭಾಷೆಯಿಂದ ಬಂದವರು ಅನುಮಾನಪಟ್ಟು ನಿಯಮ ಹುಡುಕುವ ಜಾಗದಲ್ಲಿ ಡಚ್ಚರು ನಿಸ್ಸಂಶಯವಾಗಿ ಮುಂದೆ ಹೋಗುತ್ತಾರೆ. ಆ ಜಾಗಗಳು ಯಾವುವೆಂದು ಗುರುತಿಸಿಕೊಂಡರೆ ತಿದ್ದುವುದು ಕಷ್ಟವಲ್ಲ. ಇವರಿಗೆ ಪಾಠ ಹೇಳುವವರಿಗೂ, ಐಂಡ್‌ಹೋವನ್, ಆಮ್ಸ್‌ಟರ್‌ಡ್ಯಾಮ್ ಕಡೆ ಇವರ ಜತೆ ಕೆಲಸ ಮಾಡುವ ಕನ್ನಡಿಗರಿಗೂ ಈ ಗುರುತುಗಳು ಉಪಯೋಗಕ್ಕೆ ಬರುತ್ತವೆ.

ಮುಗಿದ ಕಾಲ, ಮುಗಿಯದ ಕಾಲ

ಡಚ್ ಆಡುಮಾತಿನಲ್ಲಿ ನಿನ್ನೆ ನಡೆದದ್ದನ್ನು ಹೇಳಲು ಸಹಜವಾಗಿ ಬರುವುದು ‘ಹೆಬ್ಬೆನ್’ ಸೇರಿದ ರೂಪ. ‘ಇಕ್ ಹೆಬ್ ಹೆಮ್ ಖಿಸ್ಟರೆನ್ ಖೆಜೀನ್’ ಎಂದರೆ ‘ಅವನನ್ನು ನಿನ್ನೆ ನೋಡಿದೆ’. ಪದಕ್ಕೆ ಪದ ಇಟ್ಟರೆ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಆಗುತ್ತದೆ. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ಅಲ್ಲಿ ‘ಹ್ಯಾವ್ ಸೀನ್’ ಎಂಬ ಪ್ರೆಸೆಂಟ್ ಪರ್ಫೆಕ್ಟ್ ರೂಪಕ್ಕಿರುವ ಕೆಲಸ ಹಿಂದಿನ ಸಂಗತಿಯನ್ನು ಈ ಹೊತ್ತಿಗೆ ತಂದು ಕಟ್ಟುವುದು. ‘ಯೆಸ್ಟರ್‌ಡೇ’ ಎಂದೊಡನೆ ಸಂಗತಿ ಮುಗಿದುಹೋದ ಕಾಲಕ್ಕೆ ಸೇರುತ್ತದೆ; ಕಟ್ಟಲು ಏನೂ ಉಳಿಯುವುದಿಲ್ಲ. ಡಚ್‌ನಲ್ಲಿ ಈ ಗೆರೆ ಇಲ್ಲ.

ಮಾತಾಡುವ ಮುನ್ನ ಹೀಗೆ ಪರೀಕ್ಷಿಸಿಕೊಳ್ಳಬಹುದು:

1. ವಾಕ್ಯದಲ್ಲಿ ಮುಗಿದ ಕಾಲದ ಗುರುತು ಇದೆಯೇ ನೋಡಬೇಕು. ‘ಯೆಸ್ಟರ್‌ಡೇ’, ‘ಲಾಸ್ಟ್ ವೀಕ್’, ‘ತ್ರೀ ಇಯರ್ಸ್ ಅಗೋ’, ‘ಇನ್ 1953’ ಇವುಗಳಲ್ಲಿ ಯಾವುದಿದ್ದರೂ ಸಿಂಪಲ್ ಪಾಸ್ಟ್: ‘ಐ ಸಾ ಹಿಮ್ ಯೆಸ್ಟರ್‌ಡೇ’.

2. ಪ್ರಶ್ನೆ ‘ವೆನ್’ನಿಂದ ಶುರುವಾದರೂ ಇದೇ ನಿಯಮ. ಯಾವಾಗ ಎಂದು ಕೇಳುವುದೇ ಮುಗಿದ ಒಂದು ಕ್ಷಣವನ್ನು. ‘ವೆನ್ ಹ್ಯಾವ್ ಯೂ ಬಾಟ್ ಇಟ್?’ ತಪ್ಪು, ‘ವೆನ್ ಡಿಡ್ ಯೂ ಬೈ ಇಟ್?’ ಸರಿ. ಡಚ್ಚರಲ್ಲಿ ಒಳ್ಳೆಯ ಇಂಗ್ಲಿಷ್ ಬಲ್ಲವರೂ ಜಾರುವುದು ಇಲ್ಲೇ.

3. ಗುರುತು ಬಾಯಲ್ಲಿ ಬಾರದಿದ್ದರೂ ಮನಸ್ಸಿನಲ್ಲಿ ಇರಬಹುದು. ರೆಂಬ್ರಾಂಟ್ ‘ನೈಟ್ ವಾಚ್’ ಚಿತ್ರ ಬರೆದದ್ದು 1642ರಲ್ಲಿ. ಇಸವಿ ಹೇಳಲಿ ಬಿಡಲಿ, ‘ರೆಂಬ್ರಾಂಟ್ ಪೇಂಟೆಡ್’ ಎಂದೇ ಆಗಬೇಕು. ‘ಹ್ಯಾಸ್ ಪೇಂಟೆಡ್’ ಎಂದರೆ ಅವನು ಇನ್ನೂ ಬದುಕಿದ್ದು ಕುಂಚ ಹಿಡಿದಿದ್ದಾನೆ ಎಂಬ ಛಾಯೆ ಬರುತ್ತದೆ.

4. ಫಲ ಈಗಲೂ ಕಣ್ಣೆದುರು ಇದ್ದು, ಯಾವಾಗ ಎಂಬುದು ಮುಖ್ಯವಲ್ಲದಿದ್ದರೆ ಪ್ರೆಸೆಂಟ್ ಪರ್ಫೆಕ್ಟ್. ಬಾಗಿಲ ಮುಂದೆ ನಿಂತು ಜೇಬು ತಡಕುತ್ತಿರುವವನು ಹೇಳುವುದು ‘ಐ ಹ್ಯಾವ್ ಲಾಸ್ಟ್ ಮೈ ಕೀಸ್’.

ಎಷ್ಟು ಕಾಲದಿಂದ ಎಂದು ಹೇಳುವಾಗ ಲೆಕ್ಕ ತಲೆಕೆಳಗಾಗುತ್ತದೆ. ಐದು ವರ್ಷದಿಂದ ಇಲ್ಲೇ ಇರುವ ಡಚ್ಚನ ಬಾಯಲ್ಲಿ ಬರುವುದು ವರ್ತಮಾನಕಾಲ: ‘ಇಕ್ ವೋನ್ ಹೀರ್ ಆಲ್ ಫೈಫ್ ಯಾರ್’. ಅದರಿಂದ ಹುಟ್ಟುವುದು ‘ಐ ಲಿವ್ ಹಿಯರ್ ಆಲ್ರೆಡಿ ಫೈವ್ ಇಯರ್ಸ್’. ಇಂಗ್ಲಿಷ್‌ಗೆ ಇಲ್ಲಿ ‘ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಫೈವ್ ಇಯರ್ಸ್’ ಬೇಕು. ಈ ತಪ್ಪಿನಿಂದ ಕೇಳುಗನಿಗೆ ಅರ್ಥ ಕೆಡುವುದಿಲ್ಲ, ವಿದೇಶಿ ಎಂದು ತಿಳಿಯುತ್ತದೆ ಅಷ್ಟೆ. ಇದರ ಉಲ್ಟಾ ತಪ್ಪು ಹಾಗಲ್ಲ. ಲೈಡನ್‌ನಲ್ಲಿ ಐದು ವರ್ಷ ಇದ್ದು ಈಗ ಬಿಟ್ಟುಬಂದವನು ಡಚ್‌ನಲ್ಲಿ ‘ಹೆಬ್’ ಸೇರಿಸಿಯೇ ಹೇಳುತ್ತಾನೆ. ಅದನ್ನು ಹಾಗೇ ಇಳಿಸಿ ‘ಐ ಹ್ಯಾವ್ ಲಿವ್ಡ್ ಇನ್ ಲೈಡನ್ ಫಾರ್ ಫೈವ್ ಇಯರ್ಸ್’ ಎಂದರೆ ಇಂಗ್ಲಿಷ್ ಕೇಳುಗ ಅವನು ಈಗಲೂ ಲೈಡನ್‌ನಲ್ಲೇ ಇದ್ದಾನೆ ಎಂದುಕೊಳ್ಳುತ್ತಾನೆ. ಕೆಲಸಕ್ಕೆ ಹಾಕುವ ಅರ್ಜಿಯಲ್ಲಿ ಇದು ಕೇವಲ ವ್ಯಾಕರಣದ ಮಾತಲ್ಲ. ಹಿಂದಿನ ಕಂಪನಿಯ ಬಗ್ಗೆ ‘ಐ ಹ್ಯಾವ್ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’ ಎಂದು ಬರೆದರೆ ಅಭ್ಯರ್ಥಿ ಆ ಕೆಲಸವನ್ನು ಇನ್ನೂ ಬಿಟ್ಟಿಲ್ಲ ಎಂದೇ ಓದಿಕೊಳ್ಳುತ್ತಾರೆ. ವಾಸ ಮುಗಿದಿದ್ದರೆ ‘ಲಿವ್ಡ್’, ಕೆಲಸ ಮುಗಿದಿದ್ದರೆ ‘ವರ್ಕ್ಡ್’, ‘ಹ್ಯಾವ್’ ಬೇಡ.

ಕಟ್ಟಡ, ಸೇತುವೆ, ಕಂಪನಿಗಳ ಪರಿಚಯಪತ್ರಗಳಲ್ಲಿ ಇನ್ನೊಂದು ಬಗೆಯ ತಪ್ಪು ಮತ್ತೆ ಮತ್ತೆ ಕಾಣಿಸುತ್ತದೆ. ಆಮ್ಸ್‌ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಮ್‌ನ ಈಗಿನ ಕಟ್ಟಡ 1885ರಲ್ಲಿ ತೆರೆಯಿತು. ಡಚ್ ಕರ್ಮಣಿಯಲ್ಲಿ ಇದನ್ನು ‘ಇಸ್ ಇನ್ 1885 ಖೆಓಪೆಂಟ್’ ಎನ್ನುತ್ತಾರೆ. ಈ ‘ಇಸ್’ ನೋಡಲು ಇಂಗ್ಲಿಷ್‌ನ ‘ಇಸ್’ ಆದರೂ ಅದು ಸೂಚಿಸುವುದು ಮುಗಿದ ಕ್ರಿಯೆಯನ್ನು. ಇಂಗ್ಲಿಷ್‌ನಲ್ಲಿ ‘ಇಸ್ ಓಪನ್ಡ್ ಇನ್ 1885’ ಎಂದರೆ ಕಾಲವೇ ತಪ್ಪುತ್ತದೆ. ‘ವಾಸ್ ಓಪನ್ಡ್’ ಆಗಬೇಕು. ಇಸವಿಯ ಪಕ್ಕ ‘ಇಸ್’ ಕಂಡರೆ ಅದನ್ನು ‘ವಾಸ್’ ಮಾಡಬೇಕೇ ಎಂದು ನೋಡುವ ಅಭ್ಯಾಸ ಒಂದೇ ಇಂಥ ಹತ್ತಾರು ವಾಕ್ಯಗಳನ್ನು ತಿದ್ದುತ್ತದೆ. ಹೋಗು, ಬರು, ಆಗು ಎಂಬಂಥ ಕ್ರಿಯೆಗಳಿಗೂ ಡಚ್ ‘ಇಸ್’ ಬಳಸುವುದರಿಂದ ‘ಹೀ ಇಸ್ ಲೆಫ್ಟ್’, ‘ಶೀ ಇಸ್ ಬಿಕಮ್ ಎ ಡಾಕ್ಟರ್’ ಬರುತ್ತವೆ. ಇವಕ್ಕೆ ‘ಹ್ಯಾಸ್’ ಸಾಕು.

ಈಗಿನದು ಮತ್ತು ಮುಂದಿನದು

ಇಲ್ಲಿ ಹೇಳಬೇಕಾದದ್ದು ಕಡಿಮೆ. ಡಚ್‌ನಲ್ಲಿ ‘ಮಾಡುತ್ತಿರುವ’ ಅರ್ಥಕ್ಕೆ ‘ಆನ್ ಹೆಟ್’ ಸೇರಿಸಿದ ರೂಪ ಇದ್ದರೂ ಅದು ಕಡ್ಡಾಯವಲ್ಲ; ಸರಳ ವರ್ತಮಾನವೇ ನಡೆಯುತ್ತದೆ. ಇಂಗ್ಲಿಷ್‌ನಲ್ಲಿ ಆಯ್ಕೆ ಇಲ್ಲ. ಕಿಟಕಿಯಾಚೆ ಮಳೆ ಬೀಳುತ್ತಿದ್ದರೆ ‘ಇಟ್ಸ್ ರೇನಿಂಗ್’. ಫೋನಿನಲ್ಲಿ ಸ್ನೇಹಿತ ಈಗ ಏನು ಮಾಡುತ್ತಿದ್ದಾನೆ ಎಂದು ತಿಳಿಯಲು ‘ವಾಟ್ ಡು ಯೂ ಡು?’ ಎಂದು ಕೇಳಿದರೆ ಅವನು ತನ್ನ ಉದ್ಯೋಗ ಹೇಳುತ್ತಾನೆ. ಈ ಪಾಠ ಕಲಿತ ಮೇಲೆ ಕೆಲವರು ಅತಿಗೆ ಹೋಗಿ ರೂಢಿಯ ಕೆಲಸಕ್ಕೂ ‘ಇಂಗ್’ ಹಚ್ಚುತ್ತಾರೆ: ‘ಎವ್ರಿ ಫ್ರೈಡೇ ಐ ಆಮ್ ಪ್ಲೇಯಿಂಗ್ ಹಾಕಿ’. ‘ಎವ್ರಿ’ ಇದ್ದರೆ ಸರಳ ವರ್ತಮಾನ ಸಾಕು.

ಭವಿಷ್ಯಕ್ಕೂ ಡಚ್ಚರು ವರ್ತಮಾನವನ್ನೇ ಬಳಸುತ್ತಾರೆ. ‘ನಾಳೆ ಫೋನ್ ಮಾಡ್ತೀನಿ’ ಎನ್ನುವ ಕನ್ನಡಿಗರ ರೂಢಿಯೂ ಇದೇ, ಹಾಗಾಗಿ ನಮ್ಮವರಿಗೂ ಈ ತಪ್ಪು ತಪ್ಪೆಂದು ಕಿವಿಗೆ ತಟ್ಟುವುದಿಲ್ಲ. ‘ಐ ಕಾಲ್ ಯೂ ಟುಮಾರೋ’ ಎಂಬುದು ‘ಐ’ಲ್ ಕಾಲ್ ಯೂ’ ಆಗಬೇಕು. ರೈಲು, ವಿಮಾನದ ವೇಳಾಪಟ್ಟಿಗೆ ಮಾತ್ರ ಸರಳ ವರ್ತಮಾನ ಸಲ್ಲುತ್ತದೆ. ಜತೆಗೆ ‘ವಿಲ್’ ನೋಡಿ ಮೋಸಹೋಗಬಾರದು: ಡಚ್‌ನ ‘ಇಕ್ ವಿಲ್’ ಎಂದರೆ ‘ನನಗೆ ಬೇಕು’. ‘ಐ ವಿಲ್ ಗೋ ಹೋಮ್’ ಎಂದು ಡಚ್ಚ ಹೇಳಿದಾಗ ಅವನ ಮನಸ್ಸಿನಲ್ಲಿರುವುದು ‘ಐ ವಾಂಟ್ ಟು ಗೋ ಹೋಮ್’ ಆಗಿರಬಹುದು.

ಕಡ್ಡಾಯದ ಮಾತು

ಡಚ್‌ನಲ್ಲಿ ‘ಮೂಟೆನ್’ ಎಂಬ ಒಂದೇ ಕ್ರಿಯಾಪದ ಎಲ್ಲ ಕಾಲಕ್ಕೂ ರೂಪ ಬದಲಿಸಿಕೊಂಡು ನಡೆಯುತ್ತದೆ. ಅದರ ದಾಯಾದಿಯಾದ ಇಂಗ್ಲಿಷ್‌ನ ‘ಮಸ್ಟ್’ಗೆ ಆ ಶಕ್ತಿ ಇಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ‘ಮೋಟನ್’ ಎಂಬ ಕ್ರಿಯಾಪದವೂ ‘ಮೋಸ್ತೆ’ ಎಂಬ ಅದರ ಭೂತರೂಪವೂ ಇದ್ದವು. ಈ ಭೂತರೂಪವೇ ‘ಮಸ್ಟ್’ ಆಗಿ ಬೆಳೆದು ವರ್ತಮಾನದ ಜಾಗದಲ್ಲಿ ಕುಳಿತಿತು. ಹಳೆಯ ವರ್ತಮಾನರೂಪ ಬಳಕೆ ತಪ್ಪಿತು. ತಾನೇ ಭೂತರೂಪವಾಗಿದ್ದ ಪದಕ್ಕೆ ಮತ್ತೊಂದು ಭೂತರೂಪ ಹುಟ್ಟಲಿಲ್ಲ. ಆ ಕೊರತೆ ತುಂಬಲು ‘ಹ್ಯಾವ್ ಟು’ ಬಂತು.

ಆದ್ದರಿಂದ ‘ನಿನ್ನೆ ಕೆಲಸ ಮಾಡಬೇಕಾಯಿತು’ ಎನ್ನಲು ‘ಐ ಹ್ಯಾಡ್ ಟು ವರ್ಕ್’, ‘ನಾಳೆ ಮಾಡಬೇಕಾಗುತ್ತದೆ’ ಎನ್ನಲು ‘ಐ’ಲ್ ಹ್ಯಾವ್ ಟು ವರ್ಕ್’. ಡಚ್‌ನ ಭೂತರೂಪ ‘ಮೂಸ್ಟ್’ ಕಿವಿಗೆ ‘ಮಸ್ಟ್’ನಂತೆಯೇ ಕೇಳುವುದರಿಂದ ‘ಐ ಮಸ್ಟ್ ವರ್ಕ್ ಯೆಸ್ಟರ್‌ಡೇ’ ಎಂಬುದು ಸಲೀಸಾಗಿ ಬಾಯಿಗೆ ಬರುತ್ತದೆ. ಪ್ರಶ್ನೆ, ನಿಷೇಧಗಳಲ್ಲಿ ‘ಹ್ಯಾವ್ ಟು’ ಒಂದು ಸಾಮಾನ್ಯ ಕ್ರಿಯಾಪದದಂತೆ ‘ಡು’ವಿನ ಸಹಾಯ ಪಡೆಯುತ್ತದೆ: ‘ಡು ಐ ಹ್ಯಾವ್ ಟು?’, ‘ಡಿಡಂಟ್ ಹ್ಯಾವ್ ಟು’. ಡಚ್ ಕ್ರಮದಂತೆ ಮಗುಚಿ ‘ಹ್ಯಾವ್ ಐ ಟು?’ ಎನ್ನುವುದು ಇಂದಿನ ಇಂಗ್ಲಿಷ್ ಅಲ್ಲ.

‘ಮಸ್ಟ್’ಗೂ ‘ಹ್ಯಾವ್ ಟು’ಗೂ ವರ್ತಮಾನದಲ್ಲಿ ಏನು ಭೇದ ಎಂಬ ಪ್ರಶ್ನೆಗೆ ಪಠ್ಯಪುಸ್ತಕಗಳ ಉತ್ತರ ಒಂದೇ: ಹೇಳುವವನದೇ ಒತ್ತಾಯವಾದರೆ ‘ಮಸ್ಟ್’, ಹೊರಗಿನ ನಿಯಮವಾದರೆ ‘ಹ್ಯಾವ್ ಟು’. ಇದರಲ್ಲಿ ಸತ್ಯಾಂಶವಿದೆ, ಆದರೆ ಪಾಠದಲ್ಲಿ ಇದಕ್ಕೆ ಸಿಗುವಷ್ಟು ಹೊತ್ತು ಇದಕ್ಕೆ ಸಲ್ಲಬೇಕಾದದ್ದಲ್ಲ. ದಿನದ ಮಾತಿನಲ್ಲಿ ‘ಹ್ಯಾವ್ ಟು’ ಎರಡು ಕಡೆಯೂ ನಡೆಯುತ್ತದೆ. ಸಂಶಯ ಬಂದಾಗ ಅದನ್ನೇ ಆರಿಸಿಕೊಂಡರೆ ತಪ್ಪಾಗುವುದು ಅಪರೂಪ.

ಹೆಚ್ಚು ಎಚ್ಚರ ಬೇಕಾದದ್ದು ನಿಷೇಧದಲ್ಲಿ. ಕನ್ನಡದಲ್ಲಿ ‘ಬರಬಾರದು’ ಬೇರೆ, ‘ಬರಬೇಕಾಗಿಲ್ಲ’ ಬೇರೆ. ಒಂದು ಬಾಗಿಲು ಮುಚ್ಚುತ್ತದೆ, ಇನ್ನೊಂದು ಆಯ್ಕೆ ಬಿಟ್ಟುಕೊಡುತ್ತದೆ. ಇಂಗ್ಲಿಷ್‌ನಲ್ಲೂ ಈ ಭೇದ ಅಷ್ಟೇ ಖಚಿತ: ‘ಮಸ್ಟ್ ನಾಟ್’ ಮೊದಲಿನದು, ‘ಡೋಂಟ್ ಹ್ಯಾವ್ ಟು’ ಎರಡನೆಯದು. ನೆದರ್‌ಲ್ಯಾಂಡ್ಸ್‌ನ ಡಚ್‌ನಲ್ಲಿ ಎರಡನೆಯ ಅರ್ಥಕ್ಕೆ ‘ಹೂವೆನ್’ ಎಂಬ ಪ್ರತ್ಯೇಕ ಕ್ರಿಯಾಪದವಿದೆ. ‘ಯೆ ಹೂಫ್ಟ್ ನೀಟ್ ತೆ ಕೋಮೆನ್’ ಎಂದರೆ ‘ನೀನು ಬರಬೇಕಾಗಿಲ್ಲ’. ‘ಹೂವೆನ್’ ಕಂಡಲ್ಲೆಲ್ಲ ‘ಡೋಂಟ್ ಹ್ಯಾವ್ ಟು’ ಇಡುವುದು ಎಂದು ನೆನಪಿಟ್ಟುಕೊಂಡರೆ ಆಮ್ಸ್‌ಟರ್‌ಡ್ಯಾಮ್‌ನವರ ಸಮಸ್ಯೆ ಬಹುಮಟ್ಟಿಗೆ ತೀರಿತು.

ಫ್ಲಾಂಡರ್ಸ್‌ನವರದು ಬೇರೆ ಕಥೆ. ಅಲ್ಲಿನ ಆಡುಮಾತಿನಲ್ಲಿ ‘ಹೂವೆನ್’ ಬರುವ ಜಾಗದಲ್ಲೂ ‘ಮೂಟೆನ್’ ಬರುತ್ತದೆ. ‘ಯೆ ಮೂಟ್ ನೀಟ್ ಕೋಮೆನ್’ ಎಂಬುದು ರಾಟರ್‌ಡ್ಯಾಮ್‌ನವನ ಕಿವಿಗೆ ‘ಬರಬೇಡ’ ಎಂದು ಕೇಳಿದರೆ, ಗೆಂಟ್‌ನವನ ಬಾಯಲ್ಲಿ ಅದು ‘ಬರಲೇಬೇಕೆಂದಿಲ್ಲ’ ಎಂಬ ಸೌಜನ್ಯವಾಗಿರಬಹುದು. ಅವನು ಅದನ್ನು ಇಂಗ್ಲಿಷ್‌ಗೆ ಇಳಿಸಿ ‘ಯೂ ಮಸ್ಟ್ ನಾಟ್ ಕಮ್’ ಎಂದರೆ ಅತಿಥಿ ಅವಮಾನಿತನಾಗಿ ಮನೆಯಲ್ಲೇ ಉಳಿಯುತ್ತಾನೆ. ಔಷಧದ ಅಂಗಡಿಯಲ್ಲಿ ‘ಯೂ ಮಸ್ಟ್ ನಾಟ್ ಟೇಕ್ ದಿಸ್ ವಿತ್ ಫುಡ್’ ಎಂದು ಹೇಳಿದ ಮಾತನ್ನು ಯೋಚಿಸಿ ನೋಡಬೇಕು: ಹೇಳಿದವನ ಮನಸ್ಸಿನಲ್ಲಿ ‘ಊಟದ ಜತೆಯೇ ಆಗಬೇಕೆಂದಿಲ್ಲ’, ಕೇಳಿದವನಿಗೆ ‘ಊಟದ ಜತೆ ತಗೊಳ್ಳಲೇಬಾರದು’. ವ್ಯಾಕರಣ ಎರಡರಲ್ಲೂ ಸರಿಯಾಗಿಯೇ ಇರುವುದರಿಂದ ಯಾರೂ ತಿದ್ದುವುದಿಲ್ಲ. ಇಂಗ್ಲಿಷ್ ಕಲಿಯುವ ಫ್ಲಾಂಡರ್ಸ್‌ನವರು ‘ಮಸ್ಟ್ ನಾಟ್’ ಎನ್ನುವ ಮುನ್ನ ಅದೇ ಮಾತನ್ನು ‘ಇಟ್ ಇಸ್ ಫರ್ಬಿಡನ್’ ಎಂದು ಹೇಳಬಹುದೇ ಎಂದು ನೋಡಿಕೊಳ್ಳಬೇಕು. ಹೇಳಲಾಗದಿದ್ದರೆ ‘ಡೋಂಟ್ ಹ್ಯಾವ್ ಟು’.

ಭೂತಕಾಲದ ಆಕ್ಷೇಪಣೆ ಎರಡನೆಯ ದೊಡ್ಡ ಜಾಗ. ಡಚ್‌ನಲ್ಲಿ ‘ಯೆ ಹಾಟ್ ಮೂಟೆನ್ ಬೆಲೆನ್’ ಎಂದರೆ ‘ನೀನು ಫೋನ್ ಮಾಡಬೇಕಿತ್ತು’. ಮಾಡಲಿಲ್ಲ ಎಂಬುದು ಅದರಲ್ಲೇ ಅಡಗಿದೆ. ಅದರೊಳಗಿನ ‘ಹಾಟ್’ ಕೇಳಿ ‘ಯೂ ಹ್ಯಾಡ್ ಟು ಕಾಲ್’ ಎಂದುಬಿಟ್ಟರೆ ಅರ್ಥ ‘ನೀನು ಫೋನ್ ಮಾಡಬೇಕಾಯಿತು’ ಎಂದಾಗುತ್ತದೆ, ಅಂದರೆ ಮಾಡಿಯಾಯಿತು. ಬೇಕಿರುವುದು ‘ಯೂ ಶುಡ್ ಹ್ಯಾವ್ ಕಾಲ್ಡ್’. ‘ಮಾಡಬೇಕಿತ್ತು’, ‘ಮಾಡಬೇಕಾಯಿತು’ ಎಂಬ ಭೇದ ಕನ್ನಡ ಬಲ್ಲವರಿಗೆ ಕೈಗೆ ಸಿಕ್ಕಷ್ಟು ಸುಲಭವಾಗಿ ಡಚ್ಚರಿಗೆ ಸಿಗುವುದಿಲ್ಲ. ಅವರಿಗೆ ಕೇಳಿಕೊಳ್ಳಲು ಒಂದು ಪ್ರಶ್ನೆ ಕೊಡಬೇಕು: ಕೆಲಸ ಆಯಿತೇ, ಇಲ್ಲವೇ? ಆಗಿದ್ದರೆ ‘ಹ್ಯಾಡ್ ಟು’, ಆಗದಿದ್ದರೆ ‘ಶುಡ್ ಹ್ಯಾವ್’. ಬಾರದಿದ್ದರೂ ನಡೆಯುತ್ತಿತ್ತು, ಆದರೂ ಬಂದೆ ಎನ್ನುವಾಗ ‘ಯೂ ನೀಡಂಟ್ ಹ್ಯಾವ್ ಕಮ್’.

‘ಮೂಟೆನ್’ಗೆ ‘ಜುಲೆನ್’ನ ಭೂತರೂಪವಾದ ‘ಜೌ’ ಸೇರಿದರೆ ಬಿಗಿ ಸಡಿಲವಾಗಿ ಸಲಹೆಯಾಗುತ್ತದೆ. ಅದಕ್ಕೆ ಇಂಗ್ಲಿಷ್‌ನಲ್ಲಿ ‘ಶುಡ್’ ಒಂದೇ ಪದ ಸಾಕು. ‘ವುಡ್ ಮಸ್ಟ್’ ಎಂಬುದು ಇಲ್ಲ. ‘ಜೌ’ ಒಂದೇ ಬಂದಾಗ ಇನ್ನೂ ಎರಡು ಕೆಲಸ ಮಾಡುತ್ತದೆ. ರೈಲು ಒಂಬತ್ತಕ್ಕೆ ಹೊರಡಬೇಕಿತ್ತು, ಹೊರಡಲಿಲ್ಲ ಎನ್ನುವಾಗ ಡಚ್ಚರು ‘ಜೌ’ ಬಳಸುತ್ತಾರೆ. ಇಂಗ್ಲಿಷ್‌ನಲ್ಲಿ ‘ದ ಟ್ರೇನ್ ವುಡ್ ಲೀವ್’ ಅಲ್ಲ, ‘ವಾಸ್ ಸಪೋಸ್ಡ್ ಟು ಲೀವ್’. ಕೇಳಿದ ಸುದ್ದಿ ಹೇಳಲೂ ಅದೇ ‘ಜೌ’: ‘ಮಂತ್ರಿಗೆ ಹುಷಾರಿಲ್ಲವಂತೆ’ ಎಂಬಲ್ಲಿನ ‘ಅಂತೆ’ಯ ಕೆಲಸ ಅದರದ್ದು. ಅದಕ್ಕೆ ‘ವುಡ್ ಬಿ ಇಲ್’ ಹೊಂದುವುದಿಲ್ಲ. ‘ಇಸ್ ಸೆಡ್ ಟು ಬಿ ಇಲ್’ ಅಥವಾ ವಾಕ್ಯಕ್ಕೆ ಮೊದಲು ‘ಅಪಾರೆಂಟ್ಲಿ’.

ಸಾಮಾನ್ಯ ತಪ್ಪುಗಳು

1. ‘ಐ ಮಸ್ಟ್ ಟು ಯೂಟ್ರೆಖ್ಟ್’. ಊರಿನ ಹೆಸರಿದ್ದರೆ ಡಚ್‌ನಲ್ಲಿ ‘ಹೋಗು’ ಬಿಟ್ಟರೂ ನಡೆಯುತ್ತದೆ. ಇಂಗ್ಲಿಷ್‌ನಲ್ಲಿ ಬಿಡುವಂತಿಲ್ಲ: ‘ಐ ಹ್ಯಾವ್ ಟು ಗೋ ಟು ಯೂಟ್ರೆಖ್ಟ್’.

2. ‘ಇಫ್ ಐ ವುಡ್ ನೋ’. ಡಚ್ ‘ಆಲ್ಸ್’ ವಾಕ್ಯದಲ್ಲಿ ‘ಜೌ’ ಬರುತ್ತದೆ ಎಂದು ಇಂಗ್ಲಿಷ್‌ನ ‘ಇಫ್’ ಭಾಗಕ್ಕೂ ‘ವುಡ್’ ತರಬಾರದು. ‘ಇಫ್ ಐ ನ್ಯೂ, ಐ ವುಡ್ ಟೆಲ್ ಯೂ’.

3. ‘ಮಸ್ಟ್ ಐ ಓಪನ್ ದ ವಿಂಡೋ?’ ಕಿಟಕಿ ತೆರೆಯಲೇ ಎಂದು ಉಪಚಾರಕ್ಕೆ ಕೇಳುವ ಮಾತಿದು. ಇಂಗ್ಲಿಷ್‌ನಲ್ಲಿ ಅದು ಬೇಸರದ ಗೊಣಗಾಟವಾಗಿ ಕೇಳುತ್ತದೆ. ‘ಶ್ಯಾಲ್ ಐ’ ಎನ್ನಬೇಕು.

4. ‘ಡಿಡ್ ಯೂ ಈಟ್ ಯೆಟ್?’ ಇದನ್ನು ತಪ್ಪೆಂದು ತಿದ್ದುವ ಶಿಕ್ಷಕರಿದ್ದಾರೆ. ಅಮೆರಿಕದಲ್ಲಿ ‘ಜಸ್ಟ್’, ‘ಆಲ್ರೆಡಿ’, ‘ಯೆಟ್’ ಜತೆ ಸಿಂಪಲ್ ಪಾಸ್ಟ್ ರೂಢಿಯಲ್ಲಿದೆ. ಬ್ರಿಟಿಷ್ ಪರೀಕ್ಷೆಗೆ ಕುಳಿತವರು ‘ಹ್ಯಾವ್ ಯೂ ಈಟನ್’ ಬರೆಯುವುದು ಕ್ಷೇಮ, ಅಷ್ಟೆ.

ಅಭ್ಯಾಸಕ್ಕೆ ಒಂದು ವಾಕ್ಯ

ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಒಂದೇ ವಾಕ್ಯವನ್ನು ಎಲ್ಲ ಕಡೆಗೂ ತಿರುಗಿಸುವುದು ಹೆಚ್ಚು ಫಲ ಕೊಡುತ್ತದೆ. ‘ಐ ಹ್ಯಾವ್ ಟು ವರ್ಕ್ ಆನ್ ಸ್ಯಾಟರ್‌ಡೇ’ ಎಂದು ತೆಗೆದುಕೊಂಡು ಕಳೆದ ಶನಿವಾರಕ್ಕೆ, ಮುಂದಿನ ಶನಿವಾರಕ್ಕೆ, ಪ್ರಶ್ನೆಗೆ, ರಜೆ ಸಿಕ್ಕ ವಾರಕ್ಕೆ, ಹೋಗಬೇಕಿದ್ದೂ ಹೋಗದ ವಾರಕ್ಕೆ, ಕಚೇರಿಗೆ ಬೀಗ ಹಾಕಿ ಪ್ರವೇಶ ನಿಷೇಧಿಸಿದ ವಾರಕ್ಕೆ ಗಟ್ಟಿಯಾಗಿ ಹೇಳಬೇಕು. ಕೊನೆಯದರಲ್ಲಿ ಮಾತ್ರ ‘ಮಸ್ಟ್ ನಾಟ್’ ಬರಬೇಕು. ಬೇರೆಲ್ಲಾದರೂ ಬಂದರೆ ಡಚ್ ನುಸುಳಿದೆ ಎಂದು ತಿಳಿಯುತ್ತದೆ.

ಪತ್ರ ಮತ್ತು ಕಡತದಲ್ಲಿ ಎಚ್ಚರ

ಡಚ್‌ನಲ್ಲಿ ‘ಮೂಟೆನ್’ ಬಳಸಿ ಸಹೋದ್ಯೋಗಿಗೆ ಕೆಲಸ ಹೇಳುವುದು ಒರಟಲ್ಲ. ಇಂಗ್ಲಿಷ್ ಇಮೇಲ್‌ನಲ್ಲಿ ‘ಯೂ ಮಸ್ಟ್ ಸೆಂಡ್ ಮಿ ದ ಫಾರ್ಮ್’ ಎಂದರೆ ಅಧಿಕಾರಿಯ ಅಪ್ಪಣೆಯಾಗುತ್ತದೆ. ‘ಕುಡ್ ಯೂ ಸೆಂಡ್’ ಸಾಕು. ನಿಯಮವೇ ಹಾಗಿದ್ದರೆ ‘ಯೂ’ಲ್ ನೀಡ್ ಟು ಸೆಂಡ್’.

ತಾಂತ್ರಿಕ ಕಡತಗಳಲ್ಲಿ ಈ ಸೌಜನ್ಯದ ಲೆಕ್ಕ ಅನ್ವಯಿಸುವುದಿಲ್ಲ. ಐಎಸ್‌ಒ ಮಾನದಂಡಗಳಲ್ಲಿ ಕಡ್ಡಾಯಕ್ಕೆ ‘ಶ್ಯಾಲ್’, ಶಿಫಾರಸಿಗೆ ‘ಶುಡ್’, ಅನುಮತಿಗೆ ‘ಮೇ’, ಸಾಧ್ಯತೆಗೆ ‘ಕ್ಯಾನ್’ ಎಂದು ನಿಗದಿಯಾಗಿದೆ. ‘ಶ್ಯಾಲ್’ ಬದಲಿಗೆ ‘ಮಸ್ಟ್’ ಬಳಸುವಂತಿಲ್ಲ. ಇಂಟರ್ನೆಟ್ ನಿಯಮಾವಳಿಗಳ ಪದಬಳಕೆಗೆ ಆಧಾರವಾದ 1997ರ ಆರ್‌ಎಫ್‌ಸಿ 2119 ಎಂಬ ದಾಖಲೆಯಲ್ಲಿ ‘ಮಸ್ಟ್’, ‘ಶ್ಯಾಲ್’ ಎರಡಕ್ಕೂ ಒಂದೇ ಬಲ. ಇಂಥ ಕಡತ ಬರೆಯುವಾಗ ದಿನಬಳಕೆಯ ‘ಹ್ಯಾವ್ ಟು’ ಬಿಟ್ಟು ಆಯಾ ಸಂಸ್ಥೆ ಗೊತ್ತುಮಾಡಿದ ಪದವನ್ನೇ ಹಿಡಿಯಬೇಕು. ‘ದ ವಾಲ್ವ್ ಹ್ಯಾಸ್ ಟು ಕ್ಲೋಸ್’ ಎಂದು ಬರೆದರೆ ಅದು ಪಾಲಿಸಲೇಬೇಕಾದ ಷರತ್ತೋ, ಯಂತ್ರ ನಡೆಯುವ ಬಗೆಯ ವಿವರಣೆಯೋ ಎಂಬುದು ಪರಿಶೀಲಿಸುವವರಿಗೆ ತಿಳಿಯುವುದಿಲ್ಲ.